ಮಸೀದಿಯಂಗಳದ ಡೇರೆ: ಹಝ್ರತ್ ರುಫೈದಾ ಅಸ್ಲಮಿಯ್ಯಾ(ರ)

ರೋಗಿಗೆ ಔಷಧಿ ಬೇಕು, ಪಥ್ಯ ಬೇಕು, ವಿಶ್ರಾಂತಿ ಬೇಕು. ಇದು ಎಲ್ಲರಿಗೂ ತಿಳಿದಿರುವ ವಿಷಯ. ಆದರೆ ತನ್ನ ನೋವನ್ನು ತನ್ನದೇ ಬಾಯಿಂದ ಹೇಳಿಕೊಳ್ಳುವ ಅವಕಾಶವೂ ರೋಗಿಗೆ ಬೇಕು ಎಂಬುದನ್ನು ನಾವು ಮರೆಯುತ್ತೇವೆ. ನಾನೂ ಮರೆತಿದ್ದೆ. ಅದನ್ನು ನನಗೆ ಕಲಿಸಿದವರು ಹುಮನಾಬಾದಿನ ದವಾಖಾನೆಯೊಂದರ ಸಿಸ್ಟರ್. ಅವರಿಂದ ಕಲಿತ ಮೇಲೆಯೇ ಹದಿನಾಲ್ಕು ಶತಮಾನಗಳ ಹಿಂದಿನ ಇನ್ನೊಬ್ಬ ಮಹಿಳೆಯ ಬದುಕು ನನಗೆ ಅರ್ಥವಾಯಿತು. ಆ ಮಹಿಳೆಯ ಕುರಿತೇ ಈ ಲೇಖನ.

ಕೆಲವು ವರ್ಷಗಳ ಹಿಂದೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಅಮ್ಮಿಗೆ ಜ್ವರ ಬಂತು. ಅವರಿಗೆ ಮೊದಲೇ ಶುಗರ್ ಇತ್ತು. ಜ್ವರ ಇಳಿಯದಿದ್ದಾಗ ಹುಮನಾಬಾದಿಗೆ ಕರೆದೊಯ್ದು ಸೇರಿಸಿದೆವು. ಡಾಕ್ಟರು ರೌಂಡಿಗೆ ಬಂದು ಅಮ್ಮಿಯನ್ನು ಏನೇ ಕೇಳಿದರೂ ಉತ್ತರ ಕೊಡುತ್ತಿದ್ದವನು ನಾನು. ಅಮ್ಮಿಗೆ ದಖನಿ ಬಿಟ್ಟರೆ ಬೇರೆ ಭಾಷೆ ಸರಿಯಾಗಿ ಬಾರದು. ನಾನೋ ಮದ್ರಸದಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಬಿ.ಎ. ಮಾಡಿದವನು. ಊಟ ಮಾಡಿದರೇ ಎಂದರೆ ಮಾಡಿದರು, ನಿದ್ದೆ ಬಂತೇ ಎಂದರೆ ಬಂತು. ಅಮ್ಮಿ ಬಾಯಿ ತೆರೆಯುವ ಮೊದಲೇ ನನ್ನ ಉತ್ತರ ಮುಗಿದಿರುತ್ತಿತ್ತು. ಇದನ್ನೇ ನಾನು ತಾಯಿಯ ಸೇವೆ ಎಂದುಕೊಂಡಿದ್ದೆ.

ಎರಡನೆಯ ರಾತ್ರಿ ನಾನು ಹೊರಗೆ ವರಾಂಡದಲ್ಲಿ ಚಾದರ ಹಾಸಿ ಮಲಗಿದ್ದೆ. ಒಳಗೆ ತಂಗಿ ಇದ್ದಳು. ನಡೆದುದನ್ನು ಬೆಳಗ್ಗೆ ಅವಳು ಹೇಳಿದಳು. ಸಲೈನ್ ಬಾಟಲಿ ಬದಲಿಸಲು ಬಂದ ಸಿಸ್ಟರ್ ಕೆಲಸ ಮುಗಿಸಿ ಹೊರಟುಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಅಮ್ಮಿಯ ತಲೆಯ ಬಳಿ ಕುಳಿತು, ತಮಗೆ ಬಂದಷ್ಟು ದಖನಿಯಲ್ಲಿ ಹೇಗಿದ್ದೀರಿ ಅಮ್ಮಾ ಎಂದು ಕೇಳಿದರಂತೆ. ಚೆನ್ನಾಗಿದ್ದೇನೆ ಬೇಟಿ ಎಂದರು ಅಮ್ಮಿ. ಆದರೂ ಸಿಸ್ಟರ್ ಏಳಲಿಲ್ಲ. ಸ್ವಲ್ಪ ಹೊತ್ತು ಏನೂ ಮಾತನಾಡದೆ ಕುಳಿತೇ ಇದ್ದರು. ಆಗ ಅಮ್ಮಿ ಅಳತೊಡಗಿದರು. ಅವರ ಪಾದದಲ್ಲಿ ಹುಣ್ಣಾಗಿ ಹದಿನೈದು ದಿನಗಳಾಗಿದ್ದವು. ನಮ್ಮ ಓಣಿಯಲ್ಲಿ ಒಬ್ಬರ ಕಾಲನ್ನು ಅಂಥದೇ ಹುಣ್ಣಿಗಾಗಿ ಕತ್ತರಿಸಿದ್ದರು. ತನ್ನ ಕಾಲಿಗೂ ಅದೇ ಗತಿ ಎಂದು ಹೆದರಿ, ಥಂಡಿಯ ನೆಪ ಹೇಳಿ, ಬಟ್ಟೆ ಸುತ್ತಿಕೊಂಡು ಎಲ್ಲರಿಂದಲೂ ಮರೆಮಾಡಿದ್ದರು. ಸಿಸ್ಟರ್ ಗದರಲಿಲ್ಲ. ಏನೂ ಆಗುವುದಿಲ್ಲವೆಂದು ಸುಳ್ಳು ಧೈರ್ಯವನ್ನೂ ಹೇಳಲಿಲ್ಲ. ಬೇಗ ತೋರಿಸಿದಷ್ಟೂ ಕಾಲು ಉಳಿಯುವ ಸಾಧ್ಯತೆ ಹೆಚ್ಚು ಎಂದಷ್ಟೇ ತಿಳಿಸಿ, ಒಪ್ಪಿಗೆ ಪಡೆದು ಬಟ್ಟೆ ಬಿಚ್ಚಿದರು. ಅಲ್ಲಾಹನ ಕೃಪೆಯಿಂದ ಕಾಲು ಉಳಿಯಿತು. ಒಂದು ಬೆರಳು ಹೋಯಿತು.

ಎರಡು ದಿನ ಅಮ್ಮಿಯ ಪರವಾಗಿ ಮಾತನಾಡಿದ ನಾನು ಆ ಹುಣ್ಣನ್ನು ಕಂಡಿರಲಿಲ್ಲ. ಎರಡು ನಿಮಿಷ ಸುಮ್ಮನೆ ಕುಳಿತ ಪರರ ಮಗಳು ಕಂಡರು. ಮನೆಗೆ ಮರಳಿದ ಮೇಲೆ ಒಂದು ಹದೀಸ್ ನನಗೆ ಮತ್ತೆ ಮತ್ತೆ ನೆನಪಾಗತೊಡಗಿತು. ಅರಬಿ ವ್ಯಾಕರಣದ ತರಗತಿಯಲ್ಲಿ ಅಸ್ಬಹ ಮತ್ತು ಅಮ್ಸಾ ಎಂಬ ಎರಡು ಕ್ರಿಯಾಪದಗಳನ್ನು ನಾವು ಬಾಯಿಪಾಠ ಮಾಡುತ್ತೇವೆ. ಬೆಳಗಾಯಿತು, ಸಂಜೆಯಾಯಿತು ಎಂಬ ಭಾವದ ಪದಗಳವು. ಆ ಎರಡೂ ಪದಗಳು ಬರುವ ಒಂದು ಹದೀಸನ್ನು ಅಂದು ವ್ಯಾಕರಣಕ್ಕಾಗಿ ಓದಿದ್ದೆ, ಇಂದಿಗೂ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತಿದ್ದೆ. ಅದು ಒಬ್ಬ ಗಾಯಾಳುವಿನ ಹಾಸಿಗೆಯ ಪಕ್ಕದಲ್ಲಿ ನಡೆದ ಮಾತುಕತೆ ಎಂಬುದು ಮನಸ್ಸಿಗೆ ತಟ್ಟಿರಲಿಲ್ಲ. ಆ ಹಾಸಿಗೆ ಇದ್ದುದು ಹಝ್ರತ್ ರುಫೈದಾ(ರ)ರ ಡೇರೆಯಲ್ಲಿ.

ಅಸ್ಲಮ್ ಗೋತ್ರದ ಮಹಿಳೆ

ರುಫೈದಾ(ರ) ಅಸ್ಲಮ್ ಗೋತ್ರದವರು. ಆದ್ದರಿಂದಲೇ ಅವರಿಗೆ ಅಸ್ಲಮಿಯ್ಯಾ ಎಂಬ ಹೆಸರು. ಪ್ರವಾದಿವರ್ಯರು(ಸ) ಮದೀನಾದಲ್ಲಿದ್ದ ಕಾಲದಲ್ಲಿ ಗಾಯಾಳುಗಳ ಶುಶ್ರೂಷೆಗೆ ಹೆಸರಾದವರು. ಇಂದು ಅವರ ಕುರಿತು ಭಾಷಣಗಳಲ್ಲಿ ದೊಡ್ಡ ದೊಡ್ಡ ಕಥೆಗಳನ್ನು ಕೇಳುತ್ತೇವೆ. ಆದರೆ ಇಮಾಮ್ ಬುಖಾರಿಯವರ ಅಲ್ ಅದಬುಲ್ ಮುಫ್ರದ್, ಇಬ್ನು ಇಸ್‌ಹಾಕರ ಪ್ರವಾದಿ ಚರಿತ್ರೆ ಮುಂತಾದ ಹಳೆಯ ಗ್ರಂಥಗಳಲ್ಲಿ ಅವರ ಬಗ್ಗೆ ಇರುವುದು ಕೆಲವೇ ಸಾಲುಗಳು. ಇಬ್ನು ಸಅದ್‌ರ ಗ್ರಂಥದಲ್ಲಿ ಇದೇ ಸೇವೆಯನ್ನು ಅಸ್ಲಮ್ ಗೋತ್ರದ ಕುಐಬಾ ಬಿಂತಿ ಸಅದ್(ರ) ಮಾಡಿದರೆಂದಿದೆ. ಇವರಿಬ್ಬರೂ ಒಬ್ಬರೇ, ಬೇರೆ ಬೇರೆಯೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಹೆಸರಿನ ಚರ್ಚೆ ಏನೇ ಇರಲಿ, ಆ ಡೇರೆಯ ವಿಷಯದಲ್ಲಿ ಎಲ್ಲರೂ ಒಮ್ಮತದಿಂದಿದ್ದಾರೆ. ಸಾಲುಗಳು ಕಡಿಮೆ, ನಿಜ. ಆದರೆ ಅವುಗಳಲ್ಲಿ ಒಂದೊಂದೂ ಒಂದು ಪಾಠ.

ರುಫೈದಾ(ರ) ಒಬ್ಬಂಟಿಯಲ್ಲ. ಅವರ ಕಾಲದ ಮಹಿಳೆಯರಲ್ಲಿ ಶುಶ್ರೂಷೆಯ ಒಂದು ಪರಂಪರೆಯೇ ಇತ್ತು. ಉಮ್ಮು ಅತಿಯ್ಯಾ(ರ) ಪ್ರವಾದಿವರ್ಯರ(ಸ) ಜೊತೆ ಏಳು ಯುದ್ಧಯಾತ್ರೆಗಳಲ್ಲಿ ಹೋಗಿ, ಬಿಡಾರದಲ್ಲಿ ಉಳಿದು, ಅಡುಗೆ ಮಾಡಿ, ಗಾಯಗೊಂಡವರನ್ನೂ ರೋಗಿಗಳನ್ನೂ ನೋಡಿಕೊಂಡರು. ರುಬಯ್ಯಿಅ ಬಿಂತಿ ಮುಅವ್ವಿದ್(ರ) ಯೋಧರಿಗೆ ನೀರು ಕುಡಿಸಿ, ಗಾಯಾಳುಗಳನ್ನು ಉಪಚರಿಸಿ, ಮೃತರನ್ನು ಮದೀನಾಕ್ಕೆ ಸಾಗಿಸುವ ಕೆಲಸದಲ್ಲಿದ್ದರು. ಉಹುದ್ ಯುದ್ಧದಲ್ಲಿ ಪ್ರವಾದಿವರ್ಯರ(ಸ) ಮುಖಕ್ಕೆ ಗಾಯವಾದಾಗ ಅದನ್ನು ತೊಳೆದವರು ಅವರ ಮಗಳು ಫಾತಿಮಾ(ರ). ನೀರಿನಿಂದ ರಕ್ತ ನಿಲ್ಲದೆ ಹೋದಾಗ ಚಾಪೆಯ ಚೂರೊಂದನ್ನು ಸುಟ್ಟು, ಅದರ ಬೂದಿಯನ್ನು ಗಾಯಕ್ಕೆ ಒತ್ತಿ ರಕ್ತ ನಿಲ್ಲಿಸಿದರು. ರೋಗಿಯ ಸೇವೆ ಕೀಳು ಕೆಲಸವೆಂಬ ಭಾವನೆ ಆ ಮನೆಗಳಲ್ಲಿ ಇರಲಿಲ್ಲ.

ಯಾರೂ ಇಲ್ಲದವರಿಗಾಗಿ

ಇಬ್ನು ಇಸ್‌ಹಾಕರ ವರದಿಯಲ್ಲಿ ರುಫೈದಾ(ರ)ರ ಕುರಿತು ಒಂದು ಮಾತು ಬರುತ್ತದೆ. ನೋಡಿಕೊಳ್ಳುವವರಿಲ್ಲದೆ ಕಷ್ಟಕ್ಕೊಳಗಾದ ಮುಸ್ಲಿಮರ ಸೇವೆಗೆ ಅವರು ತಮ್ಮನ್ನು ಮುಡಿಪಾಗಿಟ್ಟಿದ್ದರು, ಅದಕ್ಕೆ ಅಲ್ಲಾಹನಿಂದ ಮಾತ್ರ ಪ್ರತಿಫಲವನ್ನು ನಿರೀಕ್ಷಿಸುತ್ತಿದ್ದರು ಎಂಬುದು ಅದರ ಭಾವ. ಮದೀನಾದ ಅಂದಿನ ಸ್ಥಿತಿಯನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಅನ್ಸಾರಿಗಳಿಗೆ ಅಲ್ಲಿ ಮನೆಯಿತ್ತು, ಬಂಧುಬಳಗವಿತ್ತು. ಮಕ್ಕಾದಿಂದ ಎಲ್ಲವನ್ನೂ ಬಿಟ್ಟು ಬಂದ ಮುಹಾಜಿರರಲ್ಲಿ, ದೂರದ ಗೋತ್ರಗಳಿಂದ ಬಂದು ಮಸೀದಿಯಲ್ಲೇ ವಾಸವಾಗಿದ್ದವರಲ್ಲಿ ಅನೇಕರಿಗೆ ತಾಯಿಯಿಲ್ಲ, ಹೆಂಡತಿಯಿಲ್ಲ, ಅಕ್ಕತಂಗಿಯರಿಲ್ಲ. ಅಂಥವನಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಯಾರು? ಗಾಯ ಸೋರಿದರೆ ಪಟ್ಟಿ ಬದಲಿಸುವವರು ಯಾರು? ರುಫೈದಾ(ರ) ಅಂಥವರಿಗೆ ಮನೆಯವರಾದರು.

ಡೇರೆಯ ಜಾಗವನ್ನೂ ಗಮನಿಸಬೇಕು. ಅದು ಊರ ಹೊರಗಿರಲಿಲ್ಲ, ಪ್ರವಾದಿವರ್ಯರ(ಸ) ಮಸೀದಿಯೊಳಗೇ ಇತ್ತು. ದಿನಕ್ಕೆ ಐದು ಬಾರಿ ಜನರು ಸೇರುವ ಸ್ಥಳವದು. ರೋಗಿ ಎಲ್ಲರ ಕಣ್ಣ ಮುಂದಿದ್ದ. ಅಝಾನ್ ಅವನಿಗೂ ಕೇಳಿಸುತ್ತಿತ್ತು. ಹಾಸಿಗೆ ಹಿಡಿದವನು ಸಮಾಜದಿಂದ ಹೊರಗಾಗಲಿಲ್ಲ.

ಸಅದ್(ರ)ರ ಗಾಯ

ಹಿಜ್‌ರಿ 5, ಅಂದರೆ ಕ್ರಿ.ಶ. 627. ಮಕ್ಕಾದ ಕುರೈಶರು ಮಿತ್ರ ಗೋತ್ರಗಳೊಂದಿಗೆ ಮದೀನಾಕ್ಕೆ ಮುತ್ತಿಗೆ ಹಾಕಿದರು. ಊರಿನ ರಕ್ಷಣೆಗಾಗಿ ಕಂದಕ ತೋಡಿದ್ದರಿಂದ ಇದಕ್ಕೆ ಖಂದಕ್ ಯುದ್ಧವೆಂಬ ಹೆಸರು ಬಂತು. ಔಸ್ ಗೋತ್ರದ ನಾಯಕ ಸಅದ್ ಬಿನ್ ಮುಆದ್(ರ) ಅಂದು ತೊಟ್ಟಿದ್ದ ಕವಚ ಗಿಡ್ಡದಾಗಿತ್ತು, ತೋಳುಗಳು ಹೊರಗೆ ಕಾಣುತ್ತಿದ್ದವು. ಅವರು ಹಾದುಹೋಗುವುದನ್ನು ಕಂಡ ಹಝ್ರತ್ ಆಯಿಶಾ(ರ) ಇದನ್ನು ಗಮನಿಸಿ ಆತಂಕಪಟ್ಟಿದ್ದರು. ಅವರ ಭಯ ನಿಜವಾಯಿತು. ಶತ್ರುವಿನ ಬಾಣವೊಂದು ಸಅದ್(ರ)ರ ತೋಳಿನ ರಕ್ತನಾಳವನ್ನು ಸೀಳಿತು.

ಸಅದ್(ರ) ಸಾಮಾನ್ಯ ವ್ಯಕ್ತಿಯಲ್ಲ. ಅವರು ಇಸ್ಲಾಮ್ ಸ್ವೀಕರಿಸಿದ ದಿನವೇ ಅವರ ಇಡೀ ಕುಲ ಅವರನ್ನು ಹಿಂಬಾಲಿಸಿತ್ತು. ಬದ್ರ್ ಯುದ್ಧಕ್ಕೆ ಮೊದಲು ಅನ್ಸಾರಿಗಳ ಪರವಾಗಿ ಎದ್ದು ನಿಂತು ಮಾತು ಕೊಟ್ಟವರು ಅವರು. ಅವರಿಗೆ ಮನೆಯಿತ್ತು, ತಾಯಿ ಇದ್ದರು, ದೊಡ್ಡ ಬಳಗವಿತ್ತು. ಆದರೂ ಪ್ರವಾದಿವರ್ಯರು(ಸ) ಅವರನ್ನು ಮನೆಗೆ ಕಳುಹಿಸಲಿಲ್ಲ. ತಾವು ಹತ್ತಿರದಿಂದಲೇ ನೋಡಿಕೊಳ್ಳುವಂತಾಗಲೆಂದು ಮಸೀದಿಯಲ್ಲಿದ್ದ ರುಫೈದಾ(ರ)ರ ಡೇರೆಗೆ ಸೇರಿಸಿದರು. ಯಾರೂ ಇಲ್ಲದವರಿಗಾಗಿ ತೆರೆದ ಡೇರೆಯಲ್ಲೇ ಗೋತ್ರದ ನಾಯಕನೂ ಮಲಗಿದರು. ಬಡವನಿಗೊಂದು, ನಾಯಕನಿಗೊಂದು ಎಂಬ ಭೇದ ಅಲ್ಲಿರಲಿಲ್ಲ.

ಅಂದಿನ ಚಿಕಿತ್ಸೆ ಕಠಿಣವಾದುದು. ಗಾಯವನ್ನು ಕಾದ ಕಬ್ಬಿಣದಿಂದ ಸುಟ್ಟು ರಕ್ತ ನಿಲ್ಲಿಸಬೇಕಾಗಿತ್ತು. ಪ್ರವಾದಿವರ್ಯರೇ(ಸ) ಬಾಣದ ಮೊನೆಯಿಂದ ಸಅದ್(ರ)ರ ಗಾಯವನ್ನು ಸುಟ್ಟರು. ಕೈ ಊದಿಕೊಂಡಿತು. ಮತ್ತೊಮ್ಮೆ ಸುಡಬೇಕಾಯಿತು. ಇಂಥ ನೋವಿನಲ್ಲಿರುವ ಮನುಷ್ಯನ ಪಕ್ಕದಲ್ಲಿ ಹಗಲು ರಾತ್ರಿ ಇರಬೇಕಾದವರ ತಾಳ್ಮೆಯನ್ನು ಊಹಿಸಿ ನೋಡಿ.

ಬೆಳಗ್ಗೆಯೂ ಸಂಜೆಯೂ ಒಂದೇ ಪ್ರಶ್ನೆ

ನಾನು ವ್ಯಾಕರಣಕ್ಕಾಗಿ ಮಾತ್ರ ಓದಿದ್ದ ಹದೀಸ್ ಬರುವುದು ಇಲ್ಲಿಯೇ. ಪ್ರವಾದಿವರ್ಯರು(ಸ) ಸಂಜೆ ಡೇರೆಯ ಬಳಿ ಹಾದುಹೋಗುವಾಗ ಸಅದ್(ರ)ರಿಗೆ ಸಂಜೆ ಹೇಗಿದೆ ಎಂದು ಕೇಳುತ್ತಿದ್ದರು. ಬೆಳಗ್ಗೆ ಬಂದಾಗ ಬೆಳಗ್ಗೆ ಹೇಗಿದೆ ಎಂದು ಕೇಳುತ್ತಿದ್ದರು. ಸಅದ್(ರ) ತಮ್ಮ ಸ್ಥಿತಿಯನ್ನು ತಿಳಿಸುತ್ತಿದ್ದರು. ವರದಿ ಇಷ್ಟೇ.

ಇಷ್ಟರಲ್ಲೇ ಎಷ್ಟೊಂದು ವಿಷಯಗಳಿವೆ! ಮೊದಲನೆಯದಾಗಿ, ಕೇಳಿದವರು ಮದೀನಾದ ಆಡಳಿತವನ್ನೂ ಯುದ್ಧವನ್ನೂ ಹೊತ್ತಿದ್ದವರು. ಅವರಿಗಿಂತ ಹೆಚ್ಚಿನ ಕೆಲಸವಿದ್ದವರು ಯಾರು? ಎರಡನೆಯದಾಗಿ, ಒಮ್ಮೆ ಕೇಳಿ ಬಿಡಲಿಲ್ಲ. ಬೆಳಗಿನ ಸ್ಥಿತಿ ಸಂಜೆಗೆ ಇರುವುದಿಲ್ಲವೆಂದು ಪ್ರತಿ ಹೊತ್ತು ಹೊಸದಾಗಿ ಕೇಳಿದರು. ಮೂರನೆಯದಾಗಿ, ಪ್ರಶ್ನೆಯನ್ನು ರುಫೈದಾ(ರ)ರಿಗೆ ಕೇಳಿ ತಿಳಿದುಕೊಳ್ಳಬಹುದಿತ್ತು. ರೋಗಿಯ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಪ್ರಶ್ನೆ ಹೋದದ್ದು ರೋಗಿಗೆ. ನಾಲ್ಕನೆಯದಾಗಿ, ಉತ್ತರ ಕೊಟ್ಟವರೂ ರೋಗಿಯೇ. ವರದಿಗಾರರು ಪ್ರಶ್ನೆಯನ್ನು ದಾಖಲಿಸಿ ನಿಲ್ಲಿಸಲಿಲ್ಲ, ಸಅದ್(ರ) ತಿಳಿಸುತ್ತಿದ್ದರು ಎಂಬುದನ್ನೂ ಸೇರಿಸಿದರು. ಕೇಳುವುದು ಅರ್ಧ, ಹೇಳಲು ಬಿಟ್ಟು ಆಲಿಸುವುದು ಇನ್ನರ್ಧ. ಈ ಎರಡನೆಯ ಅರ್ಧವನ್ನೇ ನಾನು ಹುಮನಾಬಾದಿನಲ್ಲಿ ಅಮ್ಮಿಯಿಂದ ಕಸಿದುಕೊಂಡಿದ್ದೆ.

ರುಫೈದಾ(ರ) ರೋಗಿಗಳೊಂದಿಗೆ ಏನು ಮಾತನಾಡಿದರೆಂದು ಯಾರೂ ಬರೆದಿಟ್ಟಿಲ್ಲ. ಆದರೆ ರೋಗಿಯನ್ನು ಹೀಗೆ ಮಾತನಾಡಿಸುವ ಪದ್ಧತಿ ನಿತ್ಯ ನಡೆದದ್ದು ಅವರ ಡೇರೆಯಲ್ಲಿ, ಅವರ ಕಣ್ಣ ಮುಂದೆ. ಪ್ರವಾದಿವರ್ಯರ(ಸ) ಇತರ ಸಂದರ್ಶನಗಳಲ್ಲೂ ಇದೇ ಕ್ರಮ ಕಾಣುತ್ತದೆ. ತಮಗೆ ಸೇವೆ ಮಾಡುತ್ತಿದ್ದ ಯಹೂದಿ ಹುಡುಗ ಕಾಯಿಲೆ ಬಿದ್ದಾಗ ಅವನ ಮನೆಗೆ ಹೋಗಿ ತಲೆಯ ಬಳಿ ಕುಳಿತರು. ಮಕ್ಕಾದಲ್ಲಿ ಇನ್ನೊಬ್ಬ ಸಅದ್, ಅಂದರೆ ಸಅದ್ ಬಿನ್ ಅಬೀ ವಕ್ಕಾಸ್(ರ) ತೀವ್ರ ಅನಾರೋಗ್ಯದಲ್ಲಿದ್ದಾಗ ಅವರ ಹಣೆಯ ಮೇಲೆ ಕೈಯಿಟ್ಟು, ಮುಖವನ್ನೂ ಹೊಟ್ಟೆಯನ್ನೂ ಸವರಿ ಪ್ರಾರ್ಥಿಸಿದರು. ಆ ಕೈಯ ತಂಪು ತಮ್ಮೊಳಗೆ ಇನ್ನೂ ಇದ್ದಂತೆ ಭಾಸವಾಗುತ್ತದೆಂದು ಆ ಸಅದ್(ರ) ಬಹುಕಾಲದ ಬಳಿಕವೂ ಹೇಳುತ್ತಿದ್ದರು. ಒಂದು ಸ್ಪರ್ಶ ರೋಗಿಯ ನೆನಪಿನಲ್ಲಿ ಎಷ್ಟು ಕಾಲ ಉಳಿಯುತ್ತದೆ ನೋಡಿ!

ಬದುಕದ ರೋಗಿ

ಸಅದ್ ಬಿನ್ ಮುಆದ್(ರ) ಗುಣಮುಖರಾಗಲಿಲ್ಲ. ಕೆಲವು ವಾರಗಳ ಬಳಿಕ ಬನೂ ಕುರೈಝಾದ ವಿಷಯದಲ್ಲಿ ತೀರ್ಪು ನೀಡಲು ಅವರನ್ನು ಕತ್ತೆಯ ಮೇಲೆ ಕೂರಿಸಿ ಕರೆದೊಯ್ಯಲಾಯಿತು. ಮರಳಿ ಬಂದ ಮೇಲೆ ಗಾಯ ಮತ್ತೆ ಒಡೆಯಿತು. ಮಸೀದಿಯಲ್ಲಿ ಪಕ್ಕದಲ್ಲೇ ಬನೂ ಗಿಫಾರ್ ಗೋತ್ರದವರ ಡೇರೆಯಿತ್ತು. ರಕ್ತ ತಮ್ಮತ್ತ ಹರಿದು ಬಂದಾಗಲೇ ಅವರಿಗೆ ವಿಷಯ ತಿಳಿದದ್ದು. ಸಅದ್(ರ) ಅದೇ ಗಾಯದಿಂದ ಮರಣ ಹೊಂದಿದರು. ಅವರ ಮರಣಕ್ಕೆ ಅಲ್ಲಾಹನ ಸಿಂಹಾಸನವೇ ಕಂಪಿಸಿತೆಂದು ಪ್ರವಾದಿವರ್ಯರು(ಸ) ತಿಳಿಸಿದರು.

ಹಾಗಾದರೆ ರುಫೈದಾ(ರ)ರ ಸೇವೆ ವ್ಯರ್ಥವಾಯಿತೇ? ರೋಗಿ ಬದುಕಿದರೆ ಮಾತ್ರ ಶುಶ್ರೂಷೆ ಸಾರ್ಥಕವೆಂದು ಭಾವಿಸುವವರು ಈ ಡೇರೆಯ ಮುಂದೆ ಸ್ವಲ್ಪ ನಿಲ್ಲಬೇಕು. ಗುಣಪಡಿಸುವವನು ಅಲ್ಲಾಹನು. ಮನುಷ್ಯನ ಪಾಲಿಗಿರುವುದು ಪ್ರಯತ್ನ ಮತ್ತು ಜೊತೆಗಿರುವಿಕೆ. ಸಅದ್(ರ) ತಮ್ಮ ಕೊನೆಯ ದಿನಗಳನ್ನು ಒಂಟಿಯಾಗಿ ಕಳೆಯಲಿಲ್ಲ. ಪ್ರತಿ ಬೆಳಗ್ಗೆಯೂ ಪ್ರತಿ ಸಂಜೆಯೂ ಅವರ ನೋವನ್ನು ಕೇಳುವವರಿದ್ದರು. ಆ ಸಾವಿನ ಬಳಿಕ ಡೇರೆಯ ಸೇವೆಯೂ ನಿಲ್ಲಲಿಲ್ಲ. ಹಿಜ್‌ರಿ 7ರಲ್ಲಿ (ಕ್ರಿ.ಶ. 628) ಖೈಬರ್ ಯಾತ್ರೆಯಲ್ಲಿ ಗಾಯಾಳುಗಳ ಸೇವೆ ಮಾಡಿದ ಅಸ್ಲಮ್ ಗೋತ್ರದ ಈ ಮಹಿಳೆಗೆ ಪ್ರವಾದಿವರ್ಯರು(ಸ) ಯೋಧರಿಗೆ ಕೊಟ್ಟಂತೆಯೇ ಪಾಲು ಕೊಟ್ಟರೆಂದು ಇಬ್ನು ಸಅದ್‌ರ ಗ್ರಂಥದಲ್ಲಿದೆ. ಪಟ್ಟಿ ಕಟ್ಟುವ ಕೈಗೂ ಖಡ್ಗ ಹಿಡಿಯುವ ಕೈಗೂ ಸಮಾನ ಗೌರವ ದೊರೆಯಿತು.

ಡೇರೆಯಿಂದ ದವಾಖಾನೆಗೆ

ಆ ಡೇರೆಯ ಸೇವಾಭಾವ ಮುಂದಿನ ಶತಮಾನಗಳಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳಾಗಿ ಬೆಳೆಯಿತು. 1284ರಲ್ಲಿ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಕಟ್ಟಿಸಿದ ಮನ್ಸೂರಿ ಆಸ್ಪತ್ರೆ ಬಡವ ಬಲ್ಲಿದ, ಗಂಡು ಹೆಣ್ಣು ಎನ್ನದೆ ಎಲ್ಲರಿಗೂ ತೆರೆದಿತ್ತು. ದೂರ ಹೋಗುವುದೇಕೆ? ನಮ್ಮದೇ ಬೀದರಿನಲ್ಲಿ 1436ರಿಂದ 1458ರವರೆಗೆ ಆಳಿದ ಬಹಮನಿ ಸುಲ್ತಾನ ಎರಡನೆಯ ಅಲಾಉದ್ದೀನ್ ಅಹ್ಮದ್ ಶಾಹ್ ಒಂದು ಆಸ್ಪತ್ರೆ ಕಟ್ಟಿಸಿ, ರೋಗಿಗಳ ಔಷಧಿ ಮತ್ತು ಆಹಾರದ ವೆಚ್ಚಕ್ಕಾಗಿ ಹಳ್ಳಿಗಳ ಆದಾಯವನ್ನು ಬಿಟ್ಟುಕೊಟ್ಟಿದ್ದನು. ಅಲ್ಲಿ ಮುಸ್ಲಿಮ್ ಹಕೀಮರ ಜೊತೆ ಹಿಂದೂ ವೈದ್ಯರನ್ನೂ ನೇಮಿಸಿದ್ದನೆಂದು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ಅದಕ್ಕೂ ಮೂರು ಶತಮಾನಗಳ ಹಿಂದೆ ನಮ್ಮ ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯನಿದ್ದು, ತನ್ನ ವೃತ್ತಿಯ ಮಾತುಗಳಲ್ಲೇ ವಚನ ರಚಿಸಿದ್ದನು. ರೋಗಿಯ ಸೇವೆ ಈ ಮಣ್ಣಿಗೆ ಹೊಸದಲ್ಲ.

ಆಧುನಿಕ ನರ್ಸಿಂಗ್‌ನ ತಾಯಿ ಎನಿಸಿದ ಫ್ಲಾರೆನ್ಸ್ ನೈಟಿಂಗೇಲ್ 38 ದಾದಿಯರೊಂದಿಗೆ ತುರ್ಕಿಯ ಸ್ಕುಟಾರಿಗೆ ಬಂದದ್ದು 1854ರಲ್ಲಿ. 1859ರ ತಮ್ಮ ಪುಸ್ತಕದಲ್ಲಿ ಅವರು ಗಾಳಿ ಬೆಳಕು ಶುಚಿತ್ವದ ಜೊತೆಗೆ ಮಾತಿನ ಬಗ್ಗೆಯೂ ಬರೆದರು. ರೋಗಿಯ ಕೋಣೆಯ ಹೊರಗೆ ನಿಂತು ಪಿಸುಗುಟ್ಟಬಾರದು, ಅವನಿಗೆ ಕಾಣುವಂತೆ ಎದುರಿಗೆ ಕುಳಿತು ಮಾತನಾಡಬೇಕು, ಏನೂ ಆಗಿಲ್ಲವೆಂಬ ಪೊಳ್ಳು ಸಮಾಧಾನ ರೋಗಿಯನ್ನು ಇನ್ನಷ್ಟು ಒಂಟಿಯಾಗಿಸುತ್ತದೆ ಎಂಬುದು ಅವರ ಅನುಭವ. 1952ರಲ್ಲಿ ಅಮೆರಿಕದ ದಾದಿ ಹಿಲ್ಡೆಗಾರ್ಡ್ ಪೆಪ್ಲೌ ಒಂದು ಪುಸ್ತಕ ಬರೆದು, ದಾದಿ ಮತ್ತು ರೋಗಿಯ ನಡುವಿನ ಸಂಬಂಧವೇ ಶುಶ್ರೂಷೆಯ ತಿರುಳೆಂದು ವಿವರಿಸಿದರು. ಇಂದು ನರ್ಸಿಂಗ್ ವಿದ್ಯಾರ್ಥಿಗಳು ರೋಗಿಯೊಂದಿಗೆ ಮಾತನಾಡುವುದನ್ನು ಒಂದು ಪಾಠವಾಗಿಯೇ ಕಲಿಯುತ್ತಾರೆ. ಹೌದು ಅಥವಾ ಇಲ್ಲ ಎಂದು ಮುಗಿದುಹೋಗುವ ಪ್ರಶ್ನೆ ಬೇಡ, ಹೇಗಿದೆ ಎಂದು ಕೇಳಬೇಕು. ಕೇಳಿದ ಮೇಲೆ ಕಾಯಬೇಕು. ಮೌನಕ್ಕೆ ಹೆದರಿ ಮಾತು ತುಂಬಬಾರದು. ರೋಗಿ ಹೇಳಿದ್ದನ್ನು ಅವನ ಮಾತಿನಲ್ಲೇ ಮತ್ತೆ ಹೇಳಿ ಖಚಿತಪಡಿಸಿಕೊಳ್ಳಬೇಕು. ಹುಮನಾಬಾದಿನ ಸಿಸ್ಟರ್ ಆ ರಾತ್ರಿ ಮಾಡಿದ್ದು ಇದನ್ನೇ. ಪಾಠದಿಂದ ಕಲಿತರೋ, ಸ್ವಭಾವದಿಂದಲೇ ಬಂದಿತ್ತೋ ನಾನರಿಯೆ.

ನಮ್ಮ ಹೊಣೆ

ನಮ್ಮ ಬಸವಕಲ್ಯಾಣ ಹುಮನಾಬಾದ್ ತಾಲೂಕುಗಳು ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಸಮೀಪದವು. ಒಂದೇ ವಾರ್ಡಿನಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ನಾಲ್ಕೂ ಕೇಳಿಸುತ್ತವೆ. ಪಕ್ಕದ ಮಂಚದ ನೋವು ಈ ಮಂಚಕ್ಕೆ ಅರ್ಥವಾಗದೆ ಹೋಗಬಹುದು. ಇಂಥಲ್ಲಿ ರೋಗಿಯ ಭಾಷೆಯ ನಾಲ್ಕು ಮಾತು ಬಲ್ಲ ದಾದಿ ದೊಡ್ಡ ವರದಾನ. ಹೆಣ್ಣುಮಕ್ಕಳಂತೂ ಗಂಡು ಡಾಕ್ಟರರ ಮುಂದೆ, ಮಗನ ಮುಂದೆ, ಅಳಿಯನ ಮುಂದೆ ಹೇಳಲಾರದ್ದನ್ನು ಇನ್ನೊಬ್ಬ ಹೆಣ್ಣುಮಗಳ ಮುಂದೆ ಮಾತ್ರ ಹೇಳಬಲ್ಲರು.

ಹೀಗಿದ್ದೂ ನಮ್ಮ ಅನೇಕ ಮನೆಗಳಲ್ಲಿ ಮಗಳು ನರ್ಸಿಂಗ್ ಓದುತ್ತೇನೆಂದರೆ ಮುಖ ಸಿಂಡರಿಸುತ್ತಾರೆ. ರಾತ್ರಿ ಡ್ಯೂಟಿ, ಪರಪುರುಷರ ಸೇವೆ, ಮದುವೆಗೆ ತೊಡಕು ಎಂಬ ಮಾತುಗಳು ಬರುತ್ತವೆ. ಆದರೆ ನಮ್ಮ ತಾಯಿಗೆ ಕಾಯಿಲೆಯಾದಾಗ ಮಾತ್ರ ಹೆಣ್ಣು ದಾದಿಯೇ ಬೇಕು! ಇತರರ ಮಗಳು ನಮ್ಮ ತಾಯಿಯ ಹುಣ್ಣು ತೊಳೆಯಬೇಕು, ನಮ್ಮ ಮಗಳು ಯಾರ ಹುಣ್ಣನ್ನೂ ತೊಳೆಯಬಾರದು. ಇದು ಯಾವ ನ್ಯಾಯ? ಮಸೀದಿಯೊಳಗೆ ಡೇರೆ ಹಾಕಿದ್ದ ಮಹಿಳೆಯ ಹೆಸರನ್ನು ದೆಹಲಿಯ ಜಾಮಿಆ ಹಮ್ದರ್ದ್‌ನಲ್ಲಿ ನರ್ಸಿಂಗ್ ಕಾಲೇಜಿಗೆ ಇಡಲಾಯಿತು. ಆ ಹೆಸರನ್ನು ನಮ್ಮ ಮನೆಗಳಲ್ಲೂ ಗೌರವದಿಂದ ಉಚ್ಚರಿಸಬೇಕಲ್ಲವೇ?

ದಾದಿಯಾಗುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ರೋಗಿಯ ಬಳಿ ಕುಳಿತುಕೊಳ್ಳುವ ಸಂದರ್ಭ ಎಲ್ಲರಿಗೂ ಬರುತ್ತದೆ. ಹೋದಾಗ ನಿಂತುಕೊಂಡೇ ನಾಲ್ಕು ಮಾತಾಡಿ ಹೊರಡುವುದು ಬೇಡ. ನಮಗೆ ಗೊತ್ತಿರುವವರ ಇಂಥದೇ ಕಾಯಿಲೆಯ, ಸಾವಿನ ಕಥೆ ಹೇಳುವುದು ಬೇಡ. ಬಾಗಿಲ ಬಳಿ ಪಿಸುಮಾತು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಗೆ ಕೇಳಿದ ಪ್ರಶ್ನೆಗೆ ನಾವು ಉತ್ತರ ಕೊಡುವುದು ಬೇಡ. ಭಾಷೆ ಬಾರದಿದ್ದರೆ ಅವರು ಹೇಳಿದ್ದನ್ನು ತಲುಪಿಸೋಣ, ಅವರು ಹೇಳದ್ದನ್ನು ನಾವೇ ಸೃಷ್ಟಿಸುವುದು ಬೇಡ.

ಅಮ್ಮಿ ಈಗಲೂ ಆ ಸಿಸ್ಟರ್‌ಗಾಗಿ ದುಆ ಮಾಡುತ್ತಾರೆ. ಫಜ್ರ್ ನಮಾಝಿನ ಬಳಿಕ ನಾನು ಅಮ್ಮಿಯ ಮಂಚದ ಬಳಿ ಕುಳಿತು ಬೆಳಗ್ಗೆ ಹೇಗಿದೆ ಎಂದು ಕೇಳುತ್ತೇನೆ, ಮಗ್ರಿಬ್ ಬಳಿಕ ಸಂಜೆ ಹೇಗಿದೆ ಎಂದು ಕೇಳುತ್ತೇನೆ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಈಗ ಅಮ್ಮಿ ಹೇಳುತ್ತಾರೆ. ತರಗತಿಯಲ್ಲಿ ಆ ಎರಡು ಕ್ರಿಯಾಪದಗಳ ಪಾಠ ಬಂದಾಗ ವ್ಯಾಕರಣದ ಜೊತೆಗೆ ಆ ಡೇರೆಯ ಕಥೆಯನ್ನೂ ಮಕ್ಕಳಿಗೆ ಹೇಳುತ್ತೇನೆ.

ಹಾಸಿಗೆ ಹಿಡಿದವರೆಲ್ಲರಿಗೂ ಅಲ್ಲಾಹನು ಶಿಫಾ ನೀಡಲಿ. ಅವರ ಮಾತನ್ನು ಕೊನೆಯವರೆಗೆ ಆಲಿಸುವ ತಾಳ್ಮೆಯನ್ನು ನಮಗೆ ಕರುಣಿಸಲಿ. ಆಮೀನ್.